ಹಯಾಬುಸ ಮೇಲೆ ಎಳೆಯುತ್ತಿಲ್ಲವೇ? ಸ್ಪೆಸಿಫಿಕೇಶನ್ ಹಾಳೆ ಹಿಡಿದು ದೋಷ ಹುಡುಕುವ ಬಗೆ

ದೊಡ್ಡ ಸ್ಪೋರ್ಟ್ ಬೈಕ್‌ಗಳ ವಿಷಯದಲ್ಲಿ ಬರುವ ದೂರು ಹೆಚ್ಚಾಗಿ ಒಂದೇ ಥರ ಇರುತ್ತದೆ. ಸ್ಟಾರ್ಟ್ ಚೆನ್ನಾಗಿ ಆಗುತ್ತದೆ, ಐಡ್ಲಿಂಗ್ ನೆಟ್ಟಗಿದೆ, ನಿಧಾನವಾಗಿ ಓಡಿಸಿದರೆ ಏನೂ ತೊಂದರೆ ಇಲ್ಲ. ಆದರೆ ಥ್ರಾಟಲ್ ಪೂರ್ತಿ ತಿರುಗಿಸಿದಾಗ ಮೇಲೆ ಎಳೆಯುವುದಿಲ್ಲ. ನನ್ನ ಎರಡನೇ ತಲೆಮಾರಿನ ಸುಜುಕಿ ಹಯಾಬುಸ ಒಂದು ಸರ್ವಿಸ್ ಆದ ಮೇಲೆ ಹೀಗೇ ಆಯಿತು. ಪ್ಲಗ್ ಬದಲಾಯಿಸಿದೆ, ಏರ್ ಫಿಲ್ಟರ್ ಬದಲಾಯಿಸಿದೆ, ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್ ಮೇಲೆ ಅನುಮಾನಪಟ್ಟೆ. ಯಾವುದೂ ಅಲ್ಲ. ಕಾರಣ ಸಿಕ್ಕಿದ್ದು ನಾನು ಬಿಡಿಭಾಗಗಳನ್ನು ಬಿಟ್ಟು ಅಂಕಿಗಳನ್ನು ನೋಡತೊಡಗಿದಾಗ. ಅದನ್ನು ಮುಂದೆ ಹೇಳುತ್ತೇನೆ.

ಇಲ್ಲಿ ಬರೆದಿರುವುದು ಮುಖ್ಯವಾಗಿ 2008ರ ನಂತರದ ಎರಡನೇ ತಲೆಮಾರಿನ ಗಾಡಿಯ ಬಗ್ಗೆ. ಆದರೆ ಹುಡುಕುವ ಕ್ರಮ ಯಾವುದೇ ನಾಲ್ಕು ಸಿಲಿಂಡರ್‌ನ ದೊಡ್ಡ ಬೈಕ್‌ಗೂ ಹೊಂದುತ್ತದೆ.

ಮೊದಲು ಎರಡು ಅಂಕಿ

ಎರಡನೇ ತಲೆಮಾರಿನ ಹಯಾಬುಸದ ಎಂಜಿನ್ 1340 ಸಿಸಿ. ಬೋರ್ 81 ಮಿ.ಮೀ, ಸ್ಟ್ರೋಕ್ 65 ಮಿ.ಮೀ, ಕಂಪ್ರೆಶನ್ 12.5ಕ್ಕೆ 1. ಗರಿಷ್ಠ ಶಕ್ತಿ 9500 ಆರ್‌ಪಿಎಂನಲ್ಲಿ 197 ಪಿಎಸ್ (ಮೆಟ್ರಿಕ್ ಕುದುರೆಶಕ್ತಿ). ಗರಿಷ್ಠ ಟಾರ್ಕ್ (ಎಂಜಿನ್ ತಿರುಗಿಸುವ ಬಲ) 7200 ಆರ್‌ಪಿಎಂನಲ್ಲಿ 155 ನ್ಯೂಟನ್ ಮೀಟರ್. ಈ ಕೊನೆಯ ಎರಡು ಸಾಲುಗಳನ್ನು ಜನ ಗೆಳೆಯರ ಹತ್ತಿರ ಹೇಳಿಕೊಳ್ಳಲು ಮಾತ್ರ ಬಳಸುತ್ತಾರೆ. ದೋಷ ಹುಡುಕುವವನಿಗೆ ಅವು ದಾರಿ ತೋರಿಸುತ್ತವೆ.

ಹೇಗೆ ಅಂದರೆ, 7200ರ ಹತ್ತಿರ ಪ್ರತಿ ಸಿಲಿಂಡರ್ ಅತಿ ಹೆಚ್ಚು ತುಂಬಿಕೊಳ್ಳುತ್ತದೆ. ಒಂದೊಂದು ಸ್ಫೋಟವೂ ಅಲ್ಲೇ ಅತಿ ಜೋರು. ಒಳಗಿನ ಒತ್ತಡ ಜಾಸ್ತಿಯಾದಷ್ಟೂ ಪ್ಲಗ್‌ನಲ್ಲಿ ಕಿಡಿ ಹಾರುವುದು ಕಷ್ಟ. ಕ್ಲಚ್ ಹೊರಬೇಕಾದ ಭಾರವೂ ಅಲ್ಲೇ ಹೆಚ್ಚು. ಹಾಗಾಗಿ ಕಿಡಿ ದುರ್ಬಲವಾಗಿದ್ದರೆ ಅಥವಾ ಕ್ಲಚ್ ಸವೆದಿದ್ದರೆ ತೊಂದರೆ 7200ರ ಆಸುಪಾಸಿನಲ್ಲಿ ಮೊದಲು ಕಾಣುತ್ತದೆ.

9500ರಲ್ಲಿ ಕಥೆ ಬೇರೆ. ಕಿಲೋವ್ಯಾಟ್ ಬೇಕಾದರೆ ಟಾರ್ಕ್ ಅನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಬೇಕು. 197 ಪಿಎಸ್ ಅಂದರೆ ಸುಮಾರು 145 ಕಿಲೋವ್ಯಾಟ್. ಹಿಂದಕ್ಕೆ ಲೆಕ್ಕ ಹಾಕಿದರೆ 9500ರಲ್ಲಿ ಟಾರ್ಕ್ ಸುಮಾರು 146 ನ್ಯೂಟನ್ ಮೀಟರ್ ಬರುತ್ತದೆ. ಅಂದರೆ 7200ರಿಂದ 9500ರ ತನಕ ಟಾರ್ಕ್ ಕಡಿಮೆಯಾಗುವುದು ಬರೀ 9. ಆರೋಗ್ಯವಾಗಿರುವ ಗಾಡಿ ಆ ಇಡೀ ದೂರವನ್ನು ಒಂದೇ ಬಿರುಸಿನಲ್ಲಿ ಎಳೆಯಬೇಕು. ನಡುವೆ ಎಲ್ಲಾದರೂ ಕುಸಿದರೆ ಅದು ಗಾಡಿಯ ಸ್ವಭಾವ ಅಲ್ಲ, ದೋಷ.

ಅಲ್ಲಿ ಎಷ್ಟು ಗಾಳಿ, ಎಷ್ಟು ಪೆಟ್ರೋಲ್ ಬೇಕು ನೋಡಿ. 1.34 ಲೀಟರ್ ಎಂಜಿನ್ ಎರಡು ಸುತ್ತಿಗೊಮ್ಮೆ ತುಂಬುತ್ತದೆ. 9500 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 106 ಲೀಟರ್ ಗಾಳಿ ಒಳಗೆ ಹೋಗಬೇಕು. 145 ಕಿಲೋವ್ಯಾಟ್ ಕೊಡುವಾಗ ಪೆಟ್ರೋಲ್ ಒರಟು ಲೆಕ್ಕದಲ್ಲಿ ನಿಮಿಷಕ್ಕೆ 0.9 ಲೀಟರ್. ಐಡ್ಲಿಂಗ್‌ನಲ್ಲಿ ಬೇಕಾಗುವುದು ಇದರ ಒಂದು ಚೂರು. ಅದಕ್ಕೇ ಅರ್ಧ ಕಟ್ಟಿದ ಪಂಪ್ ಜಾಲರಿ (ಪೆಟ್ರೋಲ್ ಸೋಸುವ ಬಲೆ) ನಿಧಾನದ ಓಡಾಟದಲ್ಲಿ ಯಾವತ್ತೂ ಸಿಕ್ಕಿಬೀಳುವುದಿಲ್ಲ. ಗಾಳಿ, ಪೆಟ್ರೋಲ್, ವಾಲ್ವ್ ಇವುಗಳ ಕೊರತೆ 9500ರ ಕಡೆಗೆ ಹೋದಂತೆ ಬಯಲಾಗುತ್ತದೆ.

ಆದ್ದರಿಂದ ಮೊದಲ ಪ್ರಶ್ನೆ "ಯಾವ ಪಾರ್ಟ್ ಹೋಗಿದೆ" ಅಲ್ಲ. ಯಾವ ಆರ್‌ಪಿಎಂನಲ್ಲಿ, ಎಷ್ಟು ಹೊತ್ತಿನ ನಂತರ, ಟ್ಯಾಂಕ್‌ನಲ್ಲಿ ಎಷ್ಟು ಪೆಟ್ರೋಲ್ ಇದ್ದಾಗ? ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಸ್ಪ್ಯಾನರ್ ಆಮೇಲೆ ಹಿಡಿಯಿರಿ.

ಪರೀಕ್ಷೆ ಎಲ್ಲಿ ಮಾಡುವುದು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಈ ಗಾಡಿ ಮೊದಲ ಗೇರಿನಲ್ಲೇ 100 ಕಿ.ಮೀ ದಾಟುತ್ತದೆ. ಪೂರ್ತಿ ಥ್ರಾಟಲ್ ಪರೀಕ್ಷೆಯನ್ನು ಡೈನೋ (ಗಾಡಿ ನಿಲ್ಲಿಸಿಯೇ ಚಕ್ರದ ಶಕ್ತಿ ಅಳೆಯುವ ಯಂತ್ರ) ಮೇಲೆ ಅಥವಾ ರೇಸ್ ಟ್ರ್ಯಾಕ್‌ನಲ್ಲಿ ಮಾತ್ರ ಮಾಡಿ. ರಸ್ತೆಯಲ್ಲಿ ಖಂಡಿತ ಬೇಡ. ಅನುಮಾನ ಇರುವ ಗಾಡಿಯನ್ನು ಆ ವೇಗದಲ್ಲಿ ಓಡಿಸುವುದು ನಿಮಗೂ ಅಪಾಯ, ಎದುರು ಬರುವವರಿಗೂ ಅಪಾಯ.

ದೋಷವೇ ಅಲ್ಲದ ಕೆಲವು

ಡೈನೋದಲ್ಲಿ 170 ಚಿಲ್ಲರೆ ಬಂತು, 27 ಕುದುರೆ ಎಲ್ಲಿ ಹೋದವು ಅಂತ ಗಾಬರಿ ಬೇಡ. 197 ಅನ್ನುವುದು ಕ್ರ್ಯಾಂಕ್‌ನಲ್ಲಿ ಅಳೆದದ್ದು. ಗೇರ್‌ಬಾಕ್ಸ್, ಚೈನ್, ಟೈರ್ ದಾಟಿ ಹಿಂದಿನ ಚಕ್ರಕ್ಕೆ ಬರುವಷ್ಟರಲ್ಲಿ ಹತ್ತಕ್ಕೂ ಹೆಚ್ಚು ಶೇಕಡ ಹೋಗುವುದು ಸಹಜ. ಇನ್ನೊಂದು ಗೊಂದಲ ಅಳತೆಯ ಹೆಸರಿನದು. 197 ಪಿಎಸ್ ಮತ್ತು 194 ಎಚ್‌ಪಿ ಎರಡೂ ಒಂದೇ.

ಎತ್ತರದ ಜಾಗದಲ್ಲಿ ಗಾಳಿ ತೆಳು. ಸಮುದ್ರ ಮಟ್ಟದಿಂದ 1000 ಮೀಟರ್ ಮೇಲೆ ಗಾಳಿಯ ಸಾಂದ್ರತೆ ಹತ್ತಿರ ಹತ್ತಿರ 10% ಕಡಿಮೆ. 20 ಡಿಗ್ರಿಯ ದಿನಕ್ಕೆ ಹೋಲಿಸಿದರೆ 40 ಡಿಗ್ರಿಯ ದಿನ ಇನ್ನೂ 6% ಕಡಿಮೆ. ಎರಡೂ ಸೇರಿದರೆ ಸವಾರನಿಗೆ ಸ್ಪಷ್ಟವಾಗಿ ಗೊತ್ತಾಗುವಷ್ಟು ವ್ಯತ್ಯಾಸ. ಹಾಗೇ, ಮುಂಭಾಗದ ರ‍್ಯಾಮ್ ಏರ್ ಬಾಯಿಗಳಿಂದ ಬಹಳ ಶಕ್ತಿ ಬರುತ್ತದೆ ಅನ್ನುವ ನಂಬಿಕೆ ಇದೆ. 200 ಕಿ.ಮೀ ವೇಗದಲ್ಲಿ ಎದುರುಗಾಳಿಯ ಒತ್ತಡ ವಾತಾವರಣದ ಒತ್ತಡದ 2%ಕ್ಕಿಂತ ಕಡಿಮೆ. ಸಿಗುವ ಲಾಭ ಅಷ್ಟೇ. ಆದರೆ ಆ ಬಾಯಿ ಮುಚ್ಚಿಕೊಂಡಿದ್ದರೆ ಆಗುವ ನಷ್ಟ ತುಂಬಾ ದೊಡ್ಡದು. ಒಳಗೆ ಎಲೆ, ಬಟ್ಟೆ ಚೂರು ಸಿಕ್ಕಿದೆಯಾ ಅಂತ ಟಾರ್ಚ್ ಹಾಕಿ ನೋಡಿ.

ವೇಗ 299 ಕಿ.ಮೀಗೆ ಬಂದು ನಿಂತರೆ ಅದೂ ದೋಷ ಅಲ್ಲ. 1999ರ ಮೊದಲ ಹಯಾಬುಸ, 1299 ಸಿಸಿ, 175 ಪಿಎಸ್, 300 ಕಿ.ಮೀ ದಾಟಿತ್ತು. ಆಮೇಲೆ ದೊಡ್ಡ ಬೈಕ್ ತಯಾರಕರು ತಾವಾಗಿಯೇ ಒಂದು ಮಿತಿಗೆ ಒಪ್ಪಿಕೊಂಡರು. 2001ರ ಮಾದರಿಯಿಂದ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) 299ರಲ್ಲೇ ತಡೆಯುತ್ತದೆ. 2021ರಲ್ಲಿ ಬಂದ ಮೂರನೇ ತಲೆಮಾರಿನದು 190 ಪಿಎಸ್, 150 ನ್ಯೂಟನ್ ಮೀಟರ್. ಹಳೆಯದಕ್ಕಿಂತ ಕಡಿಮೆ ಅಂತ ಅದರಲ್ಲಿ ದೋಷ ಹುಡುಕಬೇಡಿ. ಯೂರೋ 5 ಹೊಗೆ ನಿಯಮಕ್ಕೆ ಹೊಂದಿಸಿ, ತುದಿಯ ಶಕ್ತಿ ಸ್ವಲ್ಪ ಬಿಟ್ಟು ನಡುವಿನ ಆರ್‌ಪಿಎಂನ ಎಳೆತ ಹೆಚ್ಚಿಸಿದ್ದಾರೆ.

ಮೀಟರ್‌ನಲ್ಲಿ ಡ್ರೈವ್ ಮೋಡ್ ಯಾವುದಿದೆ ನೋಡಿ. ಎರಡನೇ ತಲೆಮಾರಿನಲ್ಲಿ ಎ, ಬಿ, ಸಿ ಅಂತ ಮೂರು. ಪೂರ್ತಿ ಶಕ್ತಿ ಎ ಮೋಡ್‌ನಲ್ಲಿ. ಸಿ ಮೋಡ್‌ನಲ್ಲಿ ಗಾಡಿ ಬೇಕಂತಲೇ ಮೆತ್ತಗಿರುತ್ತದೆ.

ಚಕ್ರ, ಬ್ರೇಕ್, ಚೈನ್

ಇದಕ್ಕೆ ಹತ್ತು ನಿಮಿಷ ಸಾಕು. ಗಾಡಿಯನ್ನು ಪ್ಯಾಡಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಚಕ್ರ ಕೈಯಲ್ಲಿ ತಿರುಗಿಸಿ. ಬ್ರೇಕ್ ಹಿಡಿದುಕೊಂಡಿದ್ದರೆ ಕೂಡಲೇ ಗೊತ್ತಾಗುತ್ತದೆ. ಚೈನ್ ಸಡಿಲ 20ರಿಂದ 30 ಮಿ.ಮೀ ಇರಬೇಕು. ತೀರಾ ಬಿಗಿಯಾದ ಚೈನ್ ಶಕ್ತಿ ತಿನ್ನುವುದಲ್ಲದೆ ಗೇರ್‌ಬಾಕ್ಸ್ ಬೇರಿಂಗನ್ನೂ ಹಾಳು ಮಾಡುತ್ತದೆ. ಟೈರ್ ಗಾಳಿ ಎರಡೂ ಕಡೆ 42 ಪಿಎಸ್‌ಐ. ಇವು ತಪ್ಪಿದ್ದರೆ ಎಲ್ಲಾ ಆರ್‌ಪಿಎಂನಲ್ಲೂ, ಎಲ್ಲಾ ಗೇರಿನಲ್ಲೂ ಗಾಡಿ ಒಂದೇ ಸಮ ಭಾರವಾಗಿರುತ್ತದೆ. ಮೇಲೆ ಮಾತ್ರ ಕುಸಿಯುವ ಗಾಡಿಗೆ ಇವು ಕಾರಣ ಅಲ್ಲ.

ಇಸಿಯು ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಸೀಟಿನ ಕೆಳಗೆ ಡೀಲರ್ ಮೋಡ್‌ಗೆ ಒಂದು ಸಣ್ಣ ಕನೆಕ್ಟರ್ ಇದೆ. ಸರ್ವಿಸ್ ಮ್ಯಾನುಯಲ್‌ನಲ್ಲಿ ತೋರಿಸಿದ ಎರಡು ಪಿನ್‌ಗಳನ್ನು ಜೋಡಿಸಿದರೆ ಮೀಟರ್‌ನಲ್ಲಿ ಕೋಡ್ ಬರುತ್ತದೆ. ಸಿ00 ಅಂದರೆ ದೋಷ ದಾಖಲಾಗಿಲ್ಲ. ನಮ್ಮ ದೂರಿಗೆ ಸಂಬಂಧಪಟ್ಟವು ಕೆಲವೇ. ಸಿ13 ಇನ್‌ಟೇಕ್ ಒತ್ತಡದ ಸೆನ್ಸರ್, ಸಿ14 ಥ್ರಾಟಲ್ ಪೊಸಿಷನ್ ಸೆನ್ಸರ್, ಸಿ28 ಮತ್ತು ಸಿ29 ಎರಡನೇ ಥ್ರಾಟಲ್ ವಾಲ್ವ್‌ನ ಮೋಟಾರ್ ಮತ್ತು ಸೆನ್ಸರ್, ಸಿ31 ಗೇರ್ ಪೊಸಿಷನ್. ಸಿ24ರಿಂದ ಸಿ27 ಇಗ್ನಿಶನ್, ಸಿ32ರಿಂದ ಸಿ35 ಇಂಜೆಕ್ಟರ್.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಸಿ00 ಬಂತು ಅಂದರೆ ಗಾಡಿ ಸರಿ ಇದೆ ಅಂತ ಅರ್ಥ ಅಲ್ಲ. ವೈರ್ ಕಡಿದದ್ದು, ಶಾರ್ಟ್ ಆದದ್ದು ಇಸಿಯುಗೆ ಕಾಣುತ್ತದೆ. ಪೆಟ್ರೋಲ್ ಒತ್ತಡ ಅಳೆಯುವ ಸೆನ್ಸರ್ ಈ ಗಾಡಿಯಲ್ಲಿ ಇಲ್ಲ. ಪಂಪ್ ಅರ್ಧ ಒತ್ತಡ ಕೊಟ್ಟರೂ ಇಸಿಯು ಸುಮ್ಮನಿರುತ್ತದೆ. ನಾನು ಸಿ00 ನೋಡಿ ಪೆಟ್ರೋಲ್ ಕಡೆ ಎಲ್ಲಾ ಸರಿ ಇದೆ ಅಂದುಕೊಂಡಿದ್ದೆ. ಅಲ್ಲೇ ಸಮಯ ಕಳೆದದ್ದು.

ಗೇರ್ ಪೊಸಿಷನ್ ಬಗ್ಗೆ ಒಂದು ಕಣ್ಣಿರಲಿ. ಇಸಿಯು ಗೇರ್ ನೋಡಿಕೊಂಡು ಇಗ್ನಿಶನ್ ಮತ್ತು ಪೆಟ್ರೋಲ್ ಬದಲಾಯಿಸುತ್ತದೆ. ಓಡುವಾಗ ಮೀಟರ್‌ನಲ್ಲಿ ಗೇರ್ ಅಂಕಿ ಮಿನುಗಿದರೆ ಅಥವಾ ತಪ್ಪಾಗಿ ತೋರಿಸಿದರೆ ಆ ಸೆನ್ಸರ್‌ನ ಕನೆಕ್ಟರ್ ಬಿಚ್ಚಿ, ಶುಚಿ ಮಾಡಿ ನೋಡಿ.

ಎರಡನೇ ಥ್ರಾಟಲ್ ವಾಲ್ವ್ ಅನ್ನುವುದನ್ನು ಬಹಳ ಜನ ಗಮನಿಸುವುದಿಲ್ಲ. ಕೇಬಲ್ ಎಳೆಯುವ ಬಟರ್‌ಫ್ಲೈ ಮೇಲೆ ಇನ್ನೊಂದು ಸಾಲು ಬಟರ್‌ಫ್ಲೈ ಇದೆ. ಅದನ್ನು ತೆರೆಯುವುದು ಸಣ್ಣ ಮೋಟಾರ್, ಇಸಿಯು ಹೇಳಿದಂತೆ. ಅದು ಅರ್ಧದಲ್ಲೇ ನಿಂತರೆ ನೀವು ಕೈಯಲ್ಲಿ ಎಷ್ಟು ತಿರುಗಿಸಿದರೂ ಗಾಳಿ ಅರ್ಧವೇ. ಏರ್ ಫಿಲ್ಟರ್ ತೆಗೆದು ಕೀ ಆನ್ ಮಾಡಿ. ಆ ತಟ್ಟೆಗಳು ಒಂದು ಸಲ ಚಲಿಸಿ ತಮ್ಮ ಜಾಗಕ್ಕೆ ಬರಬೇಕು. ಚಲಿಸದಿದ್ದರೆ ಅಥವಾ ತಡವರಿಸಿದರೆ ಅಲ್ಲೇ ಕೆಲಸ ಇದೆ. ಕೈ ಹಾಕಿ ಬಲವಂತವಾಗಿ ತೆರೆಯಬೇಡಿ, ಮೋಟಾರಿನ ಗೇರ್ ಹಾಳಾಗುತ್ತದೆ.

7200ರ ಹತ್ತಿರ ಕುಸಿದರೆ

ಇಲ್ಲಿ ಎರಡೇ ದಾರಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್. ಆರ್‌ಪಿಎಂ ಕೂಡ ಏರದೆ ಎಂಜಿನ್ ತಡವರಿಸಿ ಮಿಸ್ಸಿಂಗ್ ಹೊಡೆದರೆ ಕಿಡಿ.

ಕ್ಲಚ್ ಪರೀಕ್ಷೆ ಸರಳ. ಒಂದು ಗೇರಿನಲ್ಲಿ ಆರ್‌ಪಿಎಂಗೂ ವೇಗಕ್ಕೂ ಇರುವ ಅನುಪಾತ ಯಾವತ್ತೂ ಬದಲಾಗಬಾರದು. ಮೆತ್ತಗೆ ಓಡಿಸುವಾಗ ಯಾವ ಆರ್‌ಪಿಎಂಗೆ ಎಷ್ಟು ವೇಗ ಅಂತ ಗುರುತು ಹಾಕಿ. ಮೇಲಿನ ಗೇರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟಾಗ ಆ ಲೆಕ್ಕ ತಪ್ಪಿ ಆರ್‌ಪಿಎಂ ಮುಂದೆ ಹಾರಿದರೆ ಕ್ಲಚ್ ಜಾರುತ್ತಿದೆ. ಕ್ಲಚ್ ಪ್ಲೇಟ್ ತರುವ ಮೊದಲು ಎಂಜಿನ್ ಆಯಿಲ್ ಯಾವುದು ಹಾಕಿದ್ದೀರಿ ನೋಡಿ. ಈ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಘರ್ಷಣೆ ಕಡಿಮೆ ಮಾಡುವ ಕಾರಿನ ಆಯಿಲ್ ಹಾಕಿದರೆ ಹೊಸ ಪ್ಲೇಟ್ ಕೂಡ ಜಾರುತ್ತದೆ. ಡಬ್ಬಿಯ ಮೇಲೆ ಜಾಸೋ ಎಂಎ ಗುರುತು ಇರಬೇಕು. ಕ್ಲಚ್ ಹೈಡ್ರಾಲಿಕ್ ಆದ್ದರಿಂದ ಲಿವರ್ ಬಿಟ್ಟಾಗ ಒತ್ತಡ ಪೂರ್ತಿ ಇಳಿಯುತ್ತದಾ ಅನ್ನುವುದೂ ಮುಖ್ಯ. ಬೇರೆ ಕಂಪನಿಯ ಲಿವರ್ ಹಾಕಿದ ಮೇಲೆ ಇದು ಕೆಡುವುದುಂಟು.

ಕಿಡಿಯ ವಿಷಯಕ್ಕೆ ಬಂದರೆ, ಪ್ಲಗ್ ಗ್ಯಾಪ್ 0.8ರಿಂದ 0.9 ಮಿ.ಮೀ. ಸವೆದು ಗ್ಯಾಪ್ ಅಗಲವಾದ ಪ್ಲಗ್ ಐಡ್ಲಿಂಗ್‌ನಲ್ಲಿ ಚೆನ್ನಾಗಿಯೇ ಉರಿಯುತ್ತದೆ, ಒತ್ತಡ ಬಂದಾಗ ಕೈಕೊಡುತ್ತದೆ. ನಾಲ್ಕೂ ಪ್ಲಗ್ ತೆಗೆದು ಸಿಲಿಂಡರ್ ಕ್ರಮದಲ್ಲೇ ಸಾಲಾಗಿ ಇಡಿ. ಮೂರು ಒಂದೇ ಬಣ್ಣ, ಒಂದು ಮಾತ್ರ ಕಪ್ಪು ಅಥವಾ ಒದ್ದೆ ಇದ್ದರೆ ಆ ಸಿಲಿಂಡರ್‌ನ ಕಾಯಿಲನ್ನು ಪಕ್ಕದ್ದಕ್ಕೆ ಅದಲು ಬದಲು ಮಾಡಿ. ತೊಂದರೆ ಕಾಯಿಲ್ ಜೊತೆ ಹೋದರೆ ಉತ್ತರ ಸಿಕ್ಕಿತು. ಇದಕ್ಕೆ ಏನೂ ಕೊಳ್ಳಬೇಕಿಲ್ಲ. ಬಿಸಿಯಾದ ಮೇಲೆ ಮಾತ್ರ ಕೈಕೊಡುವ ಕಾಯಿಲ್‌ಗಳೂ ಇವೆ. ಅದಲು ಬದಲು ಮಾಡಿದ ಮೇಲೆ ಗಾಡಿ ಪೂರ್ತಿ ಬಿಸಿಯಾಗುವ ತನಕ ಓಡಿಸಿಯೇ ತೀರ್ಮಾನ ಮಾಡಿ.

9500ರ ಕಡೆ ಹೋಗದಿದ್ದರೆ

ಇದೇ ಹೆಚ್ಚು ಜನರನ್ನು ಕಾಡುವ ಭಾಗ. ಏರ್ ಫಿಲ್ಟರ್ ನೋಡುವುದು ಸುಲಭ, ಎಲ್ಲರೂ ನೋಡುತ್ತಾರೆ. ಅದು ಸರಿ ಇದ್ದರೆ ಪೆಟ್ರೋಲ್ ಒತ್ತಡ ಅಳೆಯಲೇಬೇಕು. ಊಹೆ ಸಾಲದು.

ಪಂಪ್‌ನಿಂದ ಇಂಜೆಕ್ಟರ್‌ಗೆ ಹೋಗುವ ಪೈಪಿನ ನಡುವೆ ಗೇಜ್ ಜೋಡಿಸಿ. ಒತ್ತಡ ಸುಮಾರು 300 ಕಿಲೋಪ್ಯಾಸ್ಕಲ್, ಅಂದರೆ 3 ಬಾರ್ ಇರಬೇಕು. ಪೈಪ್ ಬಿಚ್ಚುವ ಮೊದಲು ಎಂಜಿನ್ ತಣ್ಣಗಿರಲಿ, ಬಟ್ಟೆ ಸುತ್ತಿಕೊಳ್ಳಿ, ಹತ್ತಿರ ಬೆಂಕಿ ಬೇಡ. ಐಡ್ಲಿಂಗ್‌ನಲ್ಲಿ 3 ಬಾರ್ ಬಂತು ಅಂತ ಗೇಜ್ ತೆಗೆದುಬಿಡಬೇಡಿ. ಡೈನೋ ಮೇಲೆ ಪೂರ್ತಿ ಲೋಡ್ ಕೊಟ್ಟಾಗಲೂ ಅದು ಅಲ್ಲೇ ನಿಲ್ಲಬೇಕು. ಇಳಿಯತೊಡಗಿದರೆ ಮೂರು ಅನುಮಾನಗಳು. ಪಂಪ್‌ಗೆ ಕರೆಂಟ್ ಸಾಲುತ್ತಿಲ್ಲ, ಪಂಪ್ ಅಥವಾ ಜಾಲರಿ ಕೆಟ್ಟಿದೆ, ಅಥವಾ ಟ್ಯಾಂಕ್ ಒಳಗೆ ಗಾಳಿ ಹೋಗುತ್ತಿಲ್ಲ.

ಕರೆಂಟ್ ಮೊದಲು. 5000 ಆರ್‌ಪಿಎಂನಲ್ಲಿ ಬ್ಯಾಟರಿ ತುದಿಗಳಲ್ಲಿ 14 ವೋಲ್ಟ್‌ಗಿಂತ ಕಡಿಮೆ ಇರಬಾರದು, 15.5 ದಾಟಬಾರದು. ಅದೇ ಹೊತ್ತಿನಲ್ಲಿ ಪಂಪ್ ಕನೆಕ್ಟರ್‌ನಲ್ಲೂ ಅಳೆಯಿರಿ. ಬ್ಯಾಟರಿಗೂ ಪಂಪ್‌ಗೂ ನಡುವೆ ಅರ್ಧ ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ರಿಲೇ, ಫ್ಯೂಸ್ ತುದಿ, ಅರ್ತ್ ವೈರ್ ನೋಡಿ. ವೋಲ್ಟ್ ಕಡಿಮೆಯಾದರೆ ಪಂಪ್ ನಿಧಾನವಾಗಿ ತಿರುಗುತ್ತದೆ, ಪೆಟ್ರೋಲ್ ಕಡಿಮೆಯಾಗುತ್ತದೆ.

ಉಳಿದ ಎರಡರ ನಡುವೆ ಆರಿಸಲು ಆಗಲೇ ಹೇಳಿದ ಚೀಟಿ ಬೇಕು. ನನ್ನ ಚೀಟಿಯಲ್ಲಿ ಹೀಗೆ ಬರೆದಿತ್ತು: ಟ್ಯಾಂಕ್ ತುಂಬಿಸಿದ ದಿನ ಬೇಗ ಕುಸಿಯುತ್ತದೆ, ಅರ್ಧ ಖಾಲಿ ಇದ್ದ ದಿನ ತಡವಾಗಿ ಕುಸಿಯುತ್ತದೆ. ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಸರಿಹೋಗುತ್ತದೆ. ಬರೆದುಕೊಂಡಾಗ ಇದು ಕಾಕತಾಳೀಯ ಅನ್ನಿಸಿತ್ತು. ಲೆಕ್ಕ ಹಾಕಿದಾಗ ಹಾಗಲ್ಲ ಅಂತ ಗೊತ್ತಾಯಿತು.

ಟ್ಯಾಂಕ್ 21 ಲೀಟರ್‌ನದು. ನಿಮಿಷಕ್ಕೆ 0.9 ಲೀಟರ್ ಪೆಟ್ರೋಲ್ ಹೊರಗೆ ಹೋದರೆ ಅಷ್ಟೇ ಗಾಳಿ ಒಳಗೆ ಬರಬೇಕು. ಬರದಿದ್ದರೆ ಏನಾಗುತ್ತದೆ? ಟ್ಯಾಂಕ್ ತುಂಬಿ ಮೇಲೆ ಬರೀ 1 ಲೀಟರ್ ಜಾಗ ಇದ್ದರೆ, 1 ಲೀಟರ್ ಪೆಟ್ರೋಲ್ ಖರ್ಚಾದಾಗ ಆ ಗಾಳಿ ಎರಡು ಲೀಟರ್ ಜಾಗಕ್ಕೆ ಹರಡಬೇಕು. ಅದರ ಒತ್ತಡ ಅರ್ಧಕ್ಕೆ ಇಳಿಯುತ್ತದೆ. ಮೇಲೆ 10 ಲೀಟರ್ ಜಾಗ ಇದ್ದಾಗ ಅಷ್ಟೇ ಪೆಟ್ರೋಲ್ ಹೋದರೆ ಒತ್ತಡ ಹನ್ನೊಂದನೇ ಒಂದು ಭಾಗ ಮಾತ್ರ ಇಳಿಯುತ್ತದೆ. ಪೆಟ್ರೋಲ್ ಆವಿ ಸೇರಿಕೊಳ್ಳುವುದರಿಂದ ನಿಜದ ಅಂಕಿ ಇಷ್ಟು ಕಟುವಾಗಿರುವುದಿಲ್ಲ. ಆದರೆ ದಿಕ್ಕು ಇದೇ. ತುಂಬಿದ ಟ್ಯಾಂಕ್‌ನಲ್ಲಿ ನಿರ್ವಾತ ಬೇಗ ಕಟ್ಟುತ್ತದೆ, ಪೆಟ್ರೋಲ್ ಗುಳ್ಳೆ ಏಳುತ್ತದೆ, ಪಂಪ್‌ಗೆ ಹಿಡಿತ ಸಿಗುವುದಿಲ್ಲ.

ತೊಂದರೆ ಟ್ಯಾಂಕ್ ಖಾಲಿಯಾಗುತ್ತಾ ಬಂದಾಗ ಜಾಸ್ತಿಯಾದರೆ ಅನುಮಾನ ಪಂಪ್ ಮೇಲೆ. ಪಂಪ್ ತಣ್ಣಗಾಗುವುದು ಸುತ್ತಲಿನ ಪೆಟ್ರೋಲ್‌ನಿಂದಲೇ. ಟ್ಯಾಂಕ್ ಎಷ್ಟಿದ್ದರೂ ಒಂದೇ ಥರ ಕುಸಿದರೆ ಜಾಲರಿ ಅಥವಾ ಫಿಲ್ಟರ್.

ನನ್ನ ಗಾಡಿ ಕುಸಿದ ಕೂಡಲೇ ನಿಲ್ಲಿಸಿ ಟ್ಯಾಂಕ್ ಮುಚ್ಚಳ ತೆರೆದೆ. ಉಸಿರು ಎಳೆದುಕೊಂಡ ಹಾಗೆ ಉದ್ದಕ್ಕೆ ಸದ್ದು ಬಂತು. ಮುಚ್ಚಳ ಹಾಕಿ ಹೊರಟರೆ ಗಾಡಿ ಮೊದಲಿನಂತೆ. ಟ್ಯಾಂಕ್ ಎತ್ತಿ ನೋಡಿದಾಗ ಟ್ಯಾಂಕ್ ಒಳಗೆ ಗಾಳಿ ಬಿಡುವ ಪೈಪ್ ಫ್ರೇಮಿಗೂ ಟ್ಯಾಂಕ್‌ಗೂ ನಡುವೆ ಸಿಕ್ಕಿ ಚಪ್ಪಟೆಯಾಗಿತ್ತು. ಸರ್ವಿಸ್‌ನಲ್ಲಿ ಟ್ಯಾಂಕ್ ಇಳಿಸುವಾಗ ಆದದ್ದು.

ಇದೆಲ್ಲಾ ಸರಿ ಇದ್ದರೆ ಎಂಜಿನ್ ಒಳಗೆ

ವಾಲ್ವ್ ಕ್ಲಿಯರೆನ್ಸ್ ತಣ್ಣಗಿನ ಎಂಜಿನ್‌ನಲ್ಲಿ ಅಳೆಯಿರಿ. ಇನ್‌ಟೇಕ್ 0.10ರಿಂದ 0.20 ಮಿ.ಮೀ, ಎಕ್ಸಾಸ್ಟ್ 0.20ರಿಂದ 0.30. ಒಟ್ಟು 16 ವಾಲ್ವ್. ವಾಲ್ವ್ ಮತ್ತು ಸೀಟ್ ಸವೆದಂತೆ ಈ ಗ್ಯಾಪ್ ಕಿರಿದಾಗುತ್ತದೆ, ಆಗ ಟಕಟಕ ಸದ್ದು ಬರುವುದಿಲ್ಲ, ಎಂಜಿನ್ ಸದ್ದು ಇನ್ನೂ ಮೆತ್ತಗಾಗುತ್ತದೆ. ಸದ್ದಿಲ್ಲ ಅಂತ ಸಮಾಧಾನಪಟ್ಟುಕೊಂಡರೆ ಒಂದು ದಿನ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ.

ಕಂಪ್ರೆಶನ್ ಪರೀಕ್ಷೆಯನ್ನು ಬಿಸಿ ಎಂಜಿನ್‌ನಲ್ಲಿ, ನಾಲ್ಕೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಮಾಡಿ. ಸಿಲಿಂಡರ್‌ಗಳ ನಡುವೆ 200 ಕಿಲೋಪ್ಯಾಸ್ಕಲ್‌ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರ್‌ಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಇಲ್ಲಿಂದ ಮುಂದಿನದು ಎಂಜಿನ್ ಬಿಚ್ಚುವ ಕೆಲಸ.

ಯಾವ ಕಾರಣಕ್ಕೆ ಟ್ಯಾಂಕ್ ಎತ್ತಿದರೂ, ಮತ್ತೆ ಬೋಲ್ಟ್ ಹಾಕಿದ ಮೇಲೆ ಮುಚ್ಚಳ ತೆರೆದಿಟ್ಟು, ಗಾಳಿ ಪೈಪಿನ ಕೆಳ ತುದಿಗೆ ಸಣ್ಣ ಕೈಪಂಪ್‌ನಿಂದ ಮೆಲ್ಲಗೆ ಗಾಳಿ ಊದಿ ನೋಡಿ. ಸಲೀಸಾಗಿ ಹೋಗಬೇಕು. ತಡೆ ಸಿಕ್ಕರೆ ಟ್ಯಾಂಕನ್ನು ಮತ್ತೆ ಎತ್ತಿ ಪೈಪ್ ಸರಿಯಾದ ದಾರಿಯಲ್ಲಿ ಹಾಕಿ.